ಶನಿವಾರದ ಹೊಟ್ಟೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಕುರ್ಚಿ ಇದೆ. ತೇಗದ ಮರದ್ದು, ಗಟ್ಟಿಮುಟ್ಟಾದದ್ದು, ಕೈ ಊರಲು ಎರಡೂ ಕಡೆ ಅಗಲವಾದ ಪಟ್ಟಿಗಳಿವೆ. ಕೂರುವ ಜಾಗದಲ್ಲಿ ಮಾತ್ರ ಒಂದು ದೊಡ್ಡ ತೂತು. ಮೊನ್ನೆ ಸುಣ್ಣ ಬಳಿಯಲು ಬಂದ ಆರುಮುಗಂ ತನ್ನ ಏಣಿ ಗಿಡ್ಡವಾಯಿತೆಂದು ಅದನ್ನು ಕೆಳಗಿಳಿಸಿಕೊಂಡ. ಮೇಲೆ ಹಳೆಯ ಗೋಣಿಚೀಲ ಹೊದಿಸಿದ್ದರಿಂದ ತೂತು ಅವನಿಗೆ ಕಾಣಲಿಲ್ಲ. ಹತ್ತಿ ನಿಂತವನ ಬಲಗಾಲು ಗೋಣಿಯ ಸಮೇತ ತೊಡೆಯ ತನಕ ಒಳಗಿಳಿಯಿತು. ಪುಣ್ಯಕ್ಕೆ ಪೆಟ್ಟೇನೂ ಆಗಲಿಲ್ಲ. ಕಾಲನ್ನು ಎಳೆದುಕೊಂಡು, ಕುರ್ಚಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಎನ್ನಮ್ಮಾ, ಇಪ್ಪಡಿ ಒರು ನಾರ್ಕಾಲಿ?" ಎಂದ. ಇದೆಂಥ ಕುರ್ಚಿ ಎಂದು ಅವನ ಪ್ರಶ್ನೆ.

ನಮ್ಮ ಅತ್ತೆಯವರದ್ದು ಎಂದೆ. ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಆದರೆ ನನಗೆ ನಗು ಬಂತು, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರೂ ಬಂತು. ತನ್ನ ಕಾಲಿಗಾಗಿ ನಾನು ಮರುಗುತ್ತಿದ್ದೇನೆ ಎಂದುಕೊಂಡ ಆರುಮುಗಂ "ಪರವಾಯಿಲ್ಲಮ್ಮಾ" ಎಂದು ನನಗೇ ಸಮಾಧಾನ ಹೇಳಿ ಮತ್ತೆ ಬ್ರಷ್ ಹಿಡಿದ.

ನೀವೇ ಯೋಚಿಸಿ ನೋಡಿ. ಮನೆಗೆ ಬಂದವರನ್ನು ನಾವು ಮೊದಲು ಕೇಳುವುದು ಊಟ ಆಯಿತಾ ಎಂದು. ಉಂಡದ್ದು ಮುಂದೇನಾಯಿತು ಎಂದು ಯಾರೂ ಕೇಳುವುದಿಲ್ಲ. ಎದೆನೋವು ಬಂದವರು ಅದರ ಕಥೆಯನ್ನು ಮದುವೆ ಮನೆಯಲ್ಲಿ ಹೇಳುತ್ತಾರೆ. ಕಣ್ಣಿನ ಪೊರೆ ತೆಗೆಸಿಕೊಂಡವರು ಕಪ್ಪು ಕನ್ನಡಕ ಹಾಕಿಕೊಂಡು ಬೀದಿಯಲ್ಲಿ ಓಡಾಡುತ್ತಾರೆ. ಹೊಟ್ಟೆ ಕಟ್ಟಿಕೊಂಡವರು ಮಾತ್ರ ಮೂಲೆಯಲ್ಲಿ ಮುಖ ಕಿವುಚಿಕೊಂಡು ಕೂರಬೇಕು. ತೊಂಬತ್ತರ ದಶಕದ ನಡುವಿನ ಕೆಲವು ವರ್ಷ ನಮ್ಮ ಮನೆಯ ರೀತಿಯೇ ಬೇರೆಯಾಗಿತ್ತು. ನಮ್ಮನೆಯವರು ಉಕ್ಕಿನ ಕಾರ್ಖಾನೆಯ ಶಿಫ್ಟ್ ಮುಗಿಸಿಕೊಂಡು ಬಂದು ಬಾಗಿಲಲ್ಲಿ ಶೂ ಬಿಚ್ಚುವ ಮೊದಲೇ "ಆಯ್ತಾ?" ಎನ್ನುತ್ತಿದ್ದರು. ಏನು ಆಯಿತಾ ಎಂದು ನಾನು ಕೇಳುತ್ತಿರಲಿಲ್ಲ. ತಲೆ ಅಡ್ಡ ಆಡಿಸುತ್ತಿದ್ದೆ. ಅವರು ಮುಖ ಸಣ್ಣ ಮಾಡಿಕೊಂಡು ಒಳಗೆ ಬರುತ್ತಿದ್ದರು. ಶಾಲೆಯಿಂದ ಬಂದ ಮಗಳದ್ದೂ ಅದೇ ಪ್ರಶ್ನೆ. ಆದ ದಿನ ಮನೆಯಲ್ಲಿ ಹಬ್ಬ. ಆಗದ ದಿನ ಯಾರಿಗೂ ಟೀವಿ ಹಾಕಲು ಮನಸ್ಸಿಲ್ಲ.

ನಾನು ಕೊಳ್ಳೇಗಾಲದವಳು. ಕನ್ನಡ ಶಾಲೆಯಲ್ಲಿ ಓದಿ, ಸೇಲಂನ ಸೂರಮಂಗಲಕ್ಕೆ ಸೊಸೆಯಾಗಿ ಬಂದವಳು. ನಮ್ಮನೆಯವರ ಕಡೆಯವರೂ ಕನ್ನಡದವರೇ, ಆದರೆ ಅವರ ಕನ್ನಡ ಬಾಯಲ್ಲಿತ್ತೇ ಹೊರತು ಕಾಗದದ ಮೇಲೆ ಇರಲಿಲ್ಲ. ಹೊಸತರಲ್ಲಿ ಅತ್ತೆಯ ಮಾತಿನಲ್ಲಿ ತಮಿಳು ಎಲ್ಲಿ ಮುಗಿಯಿತು, ಕನ್ನಡ ಎಲ್ಲಿ ಶುರುವಾಯಿತು ಎಂದು ತಿಳಿಯದೆ ಸುಮ್ಮನೆ ತಲೆಯಾಡಿಸುತ್ತಿದ್ದೆ. ಅವರಿಗೆ ನನ್ನ ಪುಸ್ತಕದ ಕನ್ನಡ ಕೇಳಿ ನಗು. "ರೇಡಿಯೋಲಿ ಮಾತಾಡ್ದಂಗೆ ಮಾತಾಡ್ತಾಳೆ ಕಣಮ್ಮ ನನ್ನ ಸೊಸೆ" ಎಂದು ನೆಂಟರ ಮುಂದೆ ಹೇಳುತ್ತಿದ್ದರು. ಅದು ಹೊಗಳಿಕೆಯೋ ತಮಾಷೆಯೋ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅತ್ತೆಯ ಹೆಸರು ಮುದ್ದಮ್ಮ. ಪೆನ್ನಾಗರದ ಆಚೆ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವರು. ಹೊಗೆನಕಲ್ ಅಲ್ಲಿಂದ ಬಹಳ ದೂರವೇನಲ್ಲ. ಆದರೆ ಅಲ್ಲಿ ಧುಮುಕುವ ಅಷ್ಟೊಂದು ನೀರಿನಲ್ಲಿ ಒಂದು ಬಿಂದಿಗೆಯೂ ಅವರ ಊರಿಗೆ ಹತ್ತಿಬರಲಿಲ್ಲ. ಇದ್ದ ನೀರು ಮೊದಲು ಕುರಿಗೆ, ಆಮೇಲೆ ಗಂಡಸರಿಗೆ, ಉಳಿದರೆ ಹೆಂಗಸರಿಗೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಆ ಬಟ್ಟಬಯಲಲ್ಲಿ ಮರೆ ಎನ್ನುವುದೇ ಇರಲಿಲ್ಲ. ಬೆಳಕು ಹರಿಯುವ ಮೊದಲು ಹೆಂಗಸರು ಜೊತೆಯಾಗಿ ಬಯಲ್ಕಡೆ ಹೋಗಿಬಂದರೆ ಮತ್ತೆ ಕತ್ತಲಾಗುವ ತನಕ ತಡೆದುಕೊಳ್ಳಬೇಕು. ಹಾಗೆ ತಡೆದುಕೊಳ್ಳಲು ಅವರು ಕಂಡುಕೊಂಡ ಉಪಾಯವೆಂದರೆ ಹಗಲಲ್ಲಿ ನೀರನ್ನೇ ಕುಡಿಯದಿರುವುದು.

ಸೇಲಂಗೆ ಬಂದಮೇಲೂ, ಮನೆಯ ಹಿತ್ತಲಲ್ಲೇ ಕಕ್ಕಸು ಇದ್ದರೂ, ಅತ್ತೆ ಈ ಅಭ್ಯಾಸ ಬಿಡಲಿಲ್ಲ. ಅದರ ಬಗ್ಗೆ ಅವರಿಗೆ ಜಂಬವೂ ಇತ್ತು. ಧರ್ಮಪುರಿಗೆ ಬಸ್ಸಿನಲ್ಲಿ ಹೋಗುವಾಗ ಓಮಲೂರು ದಾಟುವ ಹೊತ್ತಿಗೇ ನಾನು ಚಡಪಡಿಸುತ್ತಿದ್ದೆ. ತೊಪ್ಪೂರು ಘಾಟಿನ ತಿರುವುಗಳಲ್ಲಿ ನನ್ನ ಮುಖ ನೋಡಿ ಅತ್ತೆ, "ನಿಮ್ಮೂರಲ್ಲಿ ನೀರು ಜಾಸ್ತಿ. ಅದ್ಕೇ ನಿಂಗೆ ತಡ್ಯಕ್ಕೆ ಬರಲ್ಲ" ಎನ್ನುತ್ತಿದ್ದರು. ತಾವು ಮಾತ್ರ ಕಿಟಕಿಯ ಪಕ್ಕ ನೆಟ್ಟಗೆ ಕೂತು ಬೆಟ್ಟ ನೋಡುತ್ತಿದ್ದರು.

ಅವರ ಕೈ ನಡುಗಲು ಶುರುವಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಹೊಟ್ಟೆ ಹಟ ಹಿಡಿದಿತ್ತು. ನಾವು ಅದನ್ನು ನೀರು ಕುಡಿಯದ ಹೊಟ್ಟೆ ಎಂದುಕೊಂಡೆವು, ವಯಸ್ಸಿನ ಹೊಟ್ಟೆ ಎಂದುಕೊಂಡೆವು. ಆಮೇಲೆ ಬಲಗೈಯ ಹೆಬ್ಬೆರಳು ಬೀಡಿ ಎಲೆ ಸುತ್ತುವವರ ಬೆರಳಿನ ಹಾಗೆ ತನ್ನಷ್ಟಕ್ಕೆ ಆಡತೊಡಗಿತು. ನಡಿಗೆ ಚಿಕ್ಕದಾಯಿತು. ಬಾಗಿಲು ದಾಟುವಾಗ ಕಾಲು ನೆಲಕ್ಕೆ ಅಂಟಿಕೊಂಡು ನಿಂತುಬಿಡುತ್ತಿತ್ತು. ಮುಖದ ಮೇಲಿನ ನಗು ಮಾಯವಾಯಿತು. ನಮ್ಮ ಬೀದಿಯವರು ಅದನ್ನು ನಡುಕ್ಕುವಾದಂ ಎಂದರು, ಅಂದರೆ ನಡುಗಿಸುವ ವಾಯು. ನರಗಳ ಡಾಕ್ಟರ್ ಪಾರ್ಕಿನ್ಸನ್ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಬರಿ ಹೊಟ್ಟೆಯಲ್ಲಿ ಓಕರಿಕೆ ಬರುವ ಹಾಗಿದ್ದರೆ ಏನಾದರೂ ಸ್ವಲ್ಪ ತಗೊಂಡು ಮಾತ್ರೆ ನುಂಗಲಿ ಎಂದೂ ಹೇಳಿದರು.

ಆ ಏನಾದರೂ ಎನ್ನುವ ಜಾಗಕ್ಕೆ ನಾವು ಹಾಲನ್ನು ತಂದಿಟ್ಟೆವು. ಇಂಗ್ಲಿಷ್ ಮಾತ್ರೆ ಎಂದರೆ ಉಷ್ಣ, ಉಷ್ಣಕ್ಕೆ ಹಾಲು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಕೊಳ್ಳೇಗಾಲದಲ್ಲೂ ಹಾಗೆಯೇ, ಸೇಲಂನಲ್ಲೂ ಹಾಗೆಯೇ. ಜ್ವರದ ಮಾತ್ರೆಯೋ, ಬೆನ್ನುನೋವಿನ ಮಾತ್ರೆಯೋ, ಒಂದು ಲೋಟ ಹಾಲಿಲ್ಲದೆ ಅದು ಗಂಟಲಲ್ಲಿ ಇಳಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ ಎಂಬುದು ನಮ್ಮೆಲ್ಲರ ಗಟ್ಟಿ ನಂಬಿಕೆ. ಅತ್ತೆಯ ಮಾತ್ರೆ ದೊಡ್ಡ ಕಾಯಿಲೆಯ ಮಾತ್ರೆ, ಆದ್ದರಿಂದ ಹಾಲೂ ದೊಡ್ಡ ಲೋಟದಲ್ಲಿ. ನಮ್ಮನೆಯವರು ಹಾಲಿನವನಿಗೆ ಹೇಳಿ ನೀರು ಬೆರೆಸದ ಎಮ್ಮೆಯ ಹಾಲನ್ನು ಬೇರೆಯಾಗಿ ಹಾಕಿಸುತ್ತಿದ್ದರು.

ಮಾತ್ರೆ ಹೊಟ್ಟೆಗೆ ಹೋಗುತ್ತಿತ್ತು, ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಕೆಲವು ದಿನ ಅರ್ಧಂಬರ್ಧ, ಕೆಲವು ದಿನ ಏನೂ ಇಲ್ಲ. ಹೊಟ್ಟೆಯಂತೂ ಪೂರ್ತಿ ಮುಷ್ಕರ ಹೂಡಿತು. ಎರಡು ತುತ್ತು ತಿಂದರೆ ಗಂಟಲ ತನಕ ತುಂಬಿದ ಹಾಗೆ. ಏದುಸಿರು, ತೇಗು, ಹೊಟ್ಟೆಯುಬ್ಬರ. ಬೀದಿಯವರೆಲ್ಲ ತಲೆಗೊಂದು ಔಷಧಿ ಹೇಳಿದರು. ಎದುರುಮನೆಯವರು ರಾತ್ರಿ ನೆನೆಸಿಟ್ಟ ಒಣದ್ರಾಕ್ಷಿ ಎಂದರು. ಮೂಲೆ ಅಂಗಡಿಯವರು ಪರಂಗಿ ಹಣ್ಣು ಎಂದರು. ಕಾರ್ಖಾನೆಯಲ್ಲಿ ನಮ್ಮನೆಯವರ ಜೊತೆಗಾರರೊಬ್ಬರು ಇಸಬ್ಗೋಲಿನ ಡಬ್ಬಿಯನ್ನೇ ಕಳಿಸಿಕೊಟ್ಟರು. ಅದಕ್ಕೆ ಮೇಲೆ ಬೇಕಾದಷ್ಟು ನೀರು ಕುಡಿಯಬೇಕು, ಅತ್ತೆ ಕುಡಿಯಲಿಲ್ಲ, ಹೊಟ್ಟೆ ಇನ್ನೂ ಬಿಗಿಯಾಯಿತು. ಬೇಸಿಗೆಯಲ್ಲಿ ಸೇಲಂನ ಮಲಗೋವ ಮಾವಿನ ಹಣ್ಣು ಬಂದಾಗ ಮಾತ್ರ ಕೆಲವು ದಿನ ಮನೆಯಲ್ಲಿ ಹಬ್ಬವಾಯಿತು. ಆ ಕೃತಜ್ಞತೆಗೆ ನಾನು ಈಗಲೂ ಮಲಗೋವದ ಬೆಲೆ ಕೇಳಿ ಚೌಕಾಸಿ ಮಾಡುವುದಿಲ್ಲ.

ಕುರ್ಚಿ ಬಂದದ್ದು ಆಗಲೇ. ಕುಕ್ಕರುಗಾಲಲ್ಲಿ ಕೂತರೆ ಅತ್ತೆಗೆ ಏಳಲು ಆಗುತ್ತಿರಲಿಲ್ಲ. ಒಂದು ದಿನ ಗೋಡೆ ಹಿಡಿದುಕೊಂಡು ಬಹಳ ಹೊತ್ತು ಒಳಗೇ ಉಳಿದುಬಿಟ್ಟರು. ನಾನು ಹೊರಗಿನಿಂದ ಕೂಗಿದರೆ "ಆಯ್ತು, ಬತ್ತೀನಿ, ಓಗು" ಎಂಬ ಉತ್ತರ. ಕೊನೆಗೆ ನಾನೇ ಬಾಗಿಲು ತಳ್ಳಿ ಒಳಗೆ ಹೋಗಿ ಎಬ್ಬಿಸಿದೆ. ಅವತ್ತು ಸಂಜೆಯೇ ನಮ್ಮನೆಯವರು ಶೆವ್ವಾಪೇಟೆಯ ಬಡಗಿಯ ಹತ್ತಿರ ಹೋದರು. ತೂತು ಎಷ್ಟು ದೊಡ್ಡದಿರಬೇಕು ಎಂದು ಗಂಡ ಹೆಂಡತಿಗೆ ಜಗಳವಾಯಿತು. ಅವರು ಕಾರ್ಖಾನೆಯ ಲೆಕ್ಕದಲ್ಲಿ ಅಳತೆ ಹೇಳುತ್ತಾರೆ, ನಾನು ಅಡುಗೆಮನೆಯ ಪಾತ್ರೆ ತೋರಿಸಿ ಹೇಳುತ್ತೇನೆ. ಕೊನೆಗೆ ನನ್ನ ಇಡ್ಲಿ ಪಾತ್ರೆಯ ಮುಚ್ಚಳವನ್ನೇ ಅಳತೆಗೆ ತೆಗೆದುಕೊಂಡು ಹೋದರು. ಬಡಗಿಗೆ ಅದು ಯಾವುದಕ್ಕೆ ಎಂದು ಹೇಳಲು ಸಂಕೋಚಪಟ್ಟು ಹೂವಿನ ಕುಂಡ ಇಡಲು ಎಂದರಂತೆ. ಅವನು ನಾಲ್ಕೂ ಕಾಲುಗಳಿಗೆ ಬಳ್ಳಿ ಕೆತ್ತಿ ಕೊಟ್ಟ.

ಬಳ್ಳಿ ಕೆತ್ತಿದ ಕುರ್ಚಿಯಲ್ಲಿ ಕೂರಲು ಅತ್ತೆ ಒಪ್ಪಿದರು. ಆದರೆ ನಡುಗುವ ಕೈಯಲ್ಲಿ ಸೀರೆ ಹಿಡಿಯುವುದು, ಚೊಂಬು ಎತ್ತುವುದು, ತೊಳೆದುಕೊಳ್ಳುವುದು ಕಷ್ಟ. ನಾನು ಒಳಗೆ ಬರುತ್ತೇನೆ ಎಂದರೆ ಬಾಗಿಲಿಗೆ ಕೈ ಅಡ್ಡ ಇಡುತ್ತಿದ್ದರು.

"ನೀನು ದೇವ್ರಿಗೆ ದೀಪ ಹಚ್ಚೋ ಕೈನೋಳು. ನಿನ್ನ ಕೈಲಿ ನಾನು ಆ ಕೆಲ್ಸ ಮಾಡಿಸ್ಕಳಲ್ಲ."

"ಕೈ ತೊಳ್ಕೊಂಡು ದೀಪ ಹಚ್ತೀನಿ ಬಿಡಿ ಅತ್ತೆ."

"ಆಗಲ್ಲ ಅಂದ್ರೆ ಆಗಲ್ಲ. ಸುಮ್ನಿರು."

ಅವರು ಊಟ ಕಡಿಮೆ ಮಾಡತೊಡಗಿದ್ದು ಆ ದಿನಗಳಲ್ಲೇ. ಧರ್ಮಪುರಿ ಕಡೆಯವರಿಗೆ ರಾಗಿ ಮುದ್ದೆ ಎಂದರೆ ಪ್ರಾಣ. ಅತ್ತೆ ಮೊದಲೆಲ್ಲ ಒಂದು ಮುದ್ದೆ ಉಂಡು ಇನ್ನೊಂದಕ್ಕೆ ತಟ್ಟೆ ಒಡ್ಡುವವರು. ಈಗ ಮುದ್ದೆ ಅರ್ಧವಾಯಿತು, ಅರ್ಧ ಹೋಗಿ ನಿಂಬೆಹಣ್ಣಿನಷ್ಟಾಯಿತು. ಹಸಿವಿಲ್ಲವೇನೋ ಎಂದುಕೊಂಡು ನಾನು ಸಾರಿಗೆ ಹುಳಿ ಜಾಸ್ತಿ ಹಾಕಿ ನೋಡಿದೆ, ಉಪ್ಸಾರು ಮಾಡಿ ನೋಡಿದೆ, ನುಗ್ಗೆಸೊಪ್ಪು ಹುರಿದು ನೋಡಿದೆ. ಒಂದು ಮಧ್ಯಾಹ್ನ ಕೂತು ಕೇಳಿಯೇಬಿಟ್ಟೆ.

"ಯಾಕತ್ತೆ ಇಷ್ಟೇ ಇಷ್ಟು ಉಣ್ತೀರ? ರುಚಿ ಇಲ್ವಾ?"

"ರುಚಿ ಐತೆ."

"ಮತ್ತೆ?"

ಅತ್ತೆ ತಟ್ಟೆಯ ಅಂಚನ್ನು ನೋಡುತ್ತಾ ಮೆಲ್ಲಗೆ ಹೇಳಿದರು. "ಒಳೀಕ್ ಆಕಿದ್ರೆ ತಾನೆ ಒರಕ್ಕೆ ಬರೋದು. ಆಕ್ದೆ ಇದ್ರೆ ಯಾರ್ಗೂ ಕಷ್ಟ ಇಲ್ಲ."

ಕಾಯಿಲೆ ಅವರನ್ನು ತಿನ್ನುತ್ತಿದೆ ಎಂದು ನಾವೆಲ್ಲ ಹೆದರಿದ್ದೆವು. ಅವರು ನೋಡಿದರೆ ನನ್ನ ಕೈ ಕೊಳೆಯಾಗಬಾರದೆಂದು ತಾವೇ ಉಪವಾಸ ಬಿದ್ದಿದ್ದರು. ಹೀಗೇ ಬಿಟ್ಟರೆ ಇವರು ಈ ಕಾಯಿಲೆಯಿಂದಲ್ಲ, ಮರ್ಯಾದೆಯಿಂದ ಸಾಯುತ್ತಾರೆ ಎಂದು ಅವತ್ತು ನಮ್ಮನೆಯವರಿಗೆ ಹೇಳಿದೆ. ಅವರು ಅಮ್ಮನ ಕೋಣೆಯ ಬಾಗಿಲಲ್ಲಿ ಹೋಗಿ ನಿಂತರು.

ಇಲ್ಲಿ ನಿಮಗೆ ಒಂದು ವಿಷಯ ಹೇಳಬೇಕು. ನನ್ನ ತಾಯಿ ನಾನು ಹೈಸ್ಕೂಲಿನಲ್ಲಿರುವಾಗಲೇ ತೀರಿಕೊಂಡಿದ್ದರು. ಮೊದಲ ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ, ನನಗೆ ಹೋಗಲು ತವರಿನಲ್ಲಿ ತಾಯಿಯಿರಲಿಲ್ಲ. ಬಾಣಂತನ ಸೂರಮಂಗಲದ ಈ ಮನೆಯಲ್ಲೇ ಆಯಿತು. ಹೊಲಿಗೆ ಹಾಕಿದ್ದರು, ಕಕ್ಕಸಿಗೆ ಹೋಗಲು ನನಗೆ ಹೆದರಿಕೆ. ಹೋಗದೆ ಹೋಗದೆ ಹೊಟ್ಟೆ ಕಲ್ಲಾಯಿತು. ಅತ್ತೆ ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಬೆನ್ನಿಗೆ ಕೈ ಕೊಟ್ಟು, "ನಾನಿದ್ದೀನಿ, ಎದ್ರುಕೋಬ್ಯಾಡ" ಎಂದು ಹೇಳುತ್ತಾ ಹೇಳುತ್ತಾ ಆ ಗಂಡಾಂತರ ದಾಟಿಸಿದರು. ನನ್ನ ಬಟ್ಟೆ ಒಗೆದರು, ನನ್ನನ್ನು ತೊಳೆದರು. ಒಂದು ಸಲವೂ ಮುಖ ತಿರುಗಿಸಲಿಲ್ಲ. ಅಮ್ಮ ಇದ್ದಿದ್ದರೆ ಇದಕ್ಕಿಂತ ಹೆಚ್ಚೇನು ಮಾಡುತ್ತಿದ್ದಳೋ ನನಗೆ ಗೊತ್ತಿಲ್ಲ.

ಆ ವರ್ಷ ದಸರೆಯ ಹೊತ್ತಿನ ಪುರಟಾಸಿ ತಿಂಗಳು ಬಂತು. ನಮ್ಮ ಕಡೆ ಪುರಟಾಸಿ ಎಂದರೆ ಪೆರುಮಾಳ್ ದೇವರ ತಿಂಗಳು. ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಶನಿವಾರಗಳಂದು ನಾಮ ಹಾಕಿಕೊಂಡು, ಮಧ್ಯಾಹ್ನ ಪೂಜೆ ಮುಗಿಯುವ ತನಕ ತುಳಸಿ ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕುವುದಿಲ್ಲ. ಈ ಸಲ ಬೇಡ ಎಂದು ಎಷ್ಟು ಹೇಳಿದರೂ ಅತ್ತೆ ಕೇಳಲಿಲ್ಲ. ಮಾತ್ರೆ ಬಿಡುವ ಹಾಗಿಲ್ಲ ಎಂದು ನಾನು ಹಟ ಹಿಡಿದೆ. ಪೆರುಮಾಳ್ ಮಾತ್ರೆಗೆ ಬೇಡ ಅನ್ನುವುದಿಲ್ಲ, ಹಾಲಿಗೆ ಬೇಡ ಅನ್ನುತ್ತಾನೆ ಎಂದು ಕೊನೆಗೆ ರಾಜಿಯಾಯಿತು. ತುಳಸಿ ನೀರಿನಲ್ಲೇ ಮಾತ್ರೆ ನುಂಗಿದರು.

ಮಾತ್ರೆ ನುಂಗಿ ಸ್ವಲ್ಪ ಹೊತ್ತಾಗಿರಬೇಕು. ನಾನು ಪೂಜೆಗೆ ಅಕ್ಕಿ ತೊಳೆಯುತ್ತಿದ್ದೆ. ಹಿತ್ತಲ ಬಾಗಿಲಲ್ಲಿ ಏನೋ ನೆರಳು ಹಾದುಹೋಯಿತು. ನೋಡಿದರೆ ಅತ್ತೆ. ಗೋಡೆ ಹಿಡಿದಿಲ್ಲ. ಹೊಸ್ತಿಲ ಹತ್ತಿರ ಕಾಲು ಅಂಟಲಿಲ್ಲ. ತುಳಸಿ ಕಟ್ಟೆಗೆ ಹೋಗಿ ತಾವೇ ನೀರು ಹಾಕಿ ಬಂದರು. ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ನಗುವಿತ್ತು. ನಮ್ಮನೆಯವರು ಪೂಜೆಯ ಕೋಣೆಯಲ್ಲಿ ಅಡ್ಡಬಿದ್ದು ಬಹಳ ಹೊತ್ತು ಏಳಲೇ ಇಲ್ಲ.

ಮುಂದಿನ ಶನಿವಾರವೂ ಹಾಗೆಯೇ. ಅದರ ಮುಂದಿನದೂ ಹಾಗೆಯೇ. ಭಾನುವಾರದಿಂದ ಶುಕ್ರವಾರದ ತನಕ ಗೋಡೆ ಹಿಡಿದುಕೊಂಡ ಅತ್ತೆ, ಶನಿವಾರ ಬಂದರೆ ಬೇರೆಯೇ ಅತ್ತೆ. ಹೊಟ್ಟೆ ಕೂಡ ಶನಿವಾರದಂದು ಸ್ವಲ್ಪ ಕರಗುತ್ತಿತ್ತು. ಬೀದಿಯಲ್ಲಿ ಸುದ್ದಿಯಾಯಿತು. ನಡುಕ್ಕುವಾದಂ ಇದ್ದ ಎದುರುಬೀದಿಯ ಯಜಮಾನರ ಕಡೆಯವರು ಬಂದು ಯಾವ ದೇವಸ್ಥಾನಕ್ಕೆ ಹರಕೆ ಹೊತ್ತಿರಿ ಎಂದು ಕೇಳಿಕೊಂಡು ಹೋದರು. ನಮ್ಮನೆಯವರಿಗಂತೂ ಒಂದೇ ಯೋಚನೆ. ದೇವರು ಶನಿವಾರ ನೋಡಿಕೊಳ್ಳುತ್ತಾನೆ, ಮಿಕ್ಕ ದಿನಗಳನ್ನು ನಾವು ನೋಡಿಕೊಳ್ಳಬೇಕು. ಅದಕ್ಕಾಗಿ ಮಿಕ್ಕ ದಿನಗಳ ಹಾಲಿಗೆ ಬಾದಾಮಿ ಅರೆದು ಹಾಕಲು ಶುರು ಮಾಡಿದರು. ನಾನೇ ಅರೆದದ್ದು, ಕಲ್ಲಿನಲ್ಲಿ, ನುಣ್ಣಗೆ. ಆ ದಿನಗಳು ಮೊದಲಿಗಿಂತ ಕೆಟ್ಟವು.

ಪುರಟಾಸಿ ಮುಗಿಯುತ್ತಾ ಬಂದಾಗ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ನರಗಳ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ತಮಿಳಿನವರು, ಅಜ್ಜಿಯರನ್ನೆಲ್ಲ ಪಾಟಿ, ಅಜ್ಜಂದಿರನ್ನೆಲ್ಲ ತಾತಾ ಎಂದೇ ಕರೆಯುವವರು. ಹೊಟ್ಟೆ ಮುಟ್ಟಿ ನೋಡಿ, "ಪಾಟಿ, ಮೋಷನ್ ಪೋಚ್ಚಾ?" ಎಂದು ನಮ್ಮ ಮನೆಯ ಪ್ರಶ್ನೆಯನ್ನೇ ಕೇಳಿದರು. ಅತ್ತೆ ನನ್ನ ಕಡೆ ನೋಡಿ ಮುಖ ತಗ್ಗಿಸಿದರು. ನಾನೇ ಇಲ್ಲ ಎಂದೆ. ಮಾತ್ರೆ ಹಿಡಿಯುತ್ತಿದೆಯಾ ಎಂದು ಕೇಳಿದ್ದಕ್ಕೆ ಅತ್ತೆ ತಮಿಳಿನಲ್ಲಿ, ಶನಿವಾರ ಮಾತ್ರ ನಾನು ಮನುಷ್ಯಳು ಸಾರ್, ಉಳಿದ ದಿನ ಮರದ ಬೊಂಬೆ ಎಂದರು.

ಡಾಕ್ಟರಿಗೆ ಕುತೂಹಲ ಹುಟ್ಟಿತು. ಶನಿವಾರ ಏನು ವಿಶೇಷ ಎಂದರು. ಅತ್ತೆ ಪೆರುಮಾಳಿನ ವಿಷಯ ಹೇಳಿದರು, ತುಳಸಿ ನೀರಿನ ವಿಷಯ ಹೇಳಿದರು. ಬೇರೆ ದಿನ ಮಾತ್ರೆ ಯಾವುದರಲ್ಲಿ ನುಂಗುತ್ತೀರಿ ಎಂದು ಕೇಳಿದರು. ನಮ್ಮನೆಯವರು ಜಂಬದಿಂದ ಎಮ್ಮೆ ಹಾಲು, ಬಾದಾಮಿ ಎಂದರು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಪಾಲಾ?" ಎಂದರು, ಹಾಲಾ ಎಂದು. ಆಮೇಲೆ ನಕ್ಕರು. ನಮ್ಮನ್ನು ನೋಡಿ ನಕ್ಕದ್ದಲ್ಲ, ಗಂಟು ಬಿಚ್ಚಿದ ಖುಷಿಗೆ ನಕ್ಕದ್ದು.

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಹಾಲಿನಲ್ಲಿ, ಬಾದಾಮಿಯಲ್ಲಿ, ಬೇಳೆಯಲ್ಲಿ ಇರುವ ಸತ್ವವೂ ಈ ಮಾತ್ರೆಯೂ ರಕ್ತಕ್ಕೆ ಸೇರಬೇಕಾದರೆ ಒಂದೇ ಬಾಗಿಲಲ್ಲಿ ಹತ್ತಬೇಕಂತೆ. ಸೇಲಂ ಟೌನ್ ಬಸ್ಸಿನ ಬಾಗಿಲು ಇದೆಯಲ್ಲ, ಹಾಗೆ. ನೀವು ಹಾಲಿನ ದೊಡ್ಡ ಗುಂಪನ್ನು ಮೊದಲು ಹತ್ತಿಸಿದರೆ ಪಾಪ ಮಾತ್ರೆ ಸ್ಟಾಪಿನಲ್ಲೇ ನಿಂತಿರುತ್ತದೆ ಎಂದರು. ಮೊದಲೇ ಈ ಕಾಯಿಲೆಯಲ್ಲಿ ಹೊಟ್ಟೆ, ಕರುಳು ಎಲ್ಲ ಕೈಕಾಲಿನ ಹಾಗೆ ನಿಧಾನವಾಗುತ್ತವೆ, ಹಾಲು ಅದನ್ನು ಇನ್ನೂ ನಿಧಾನ ಮಾಡುತ್ತದೆ ಎಂದರು. ಹಾಲು ಪೂರ್ತಿ ಬಿಡಬೇಕಾಗಿಲ್ಲ, ಹಾಲು ಬೇಳೆ ಎಲ್ಲ ರಾತ್ರಿಯ ಊಟಕ್ಕಿರಲಿ. ಮಾತ್ರೆಗೆ ನೀರು ಸಾಕು. ಓಕರಿಕೆ ಬಂದರೆ ಸ್ವಲ್ಪ ಸಬ್ಬಕ್ಕಿ ಗಂಜಿ, ಹಾಲು ಹಾಕದೆ. ನಮ್ಮೂರಲ್ಲಿ ಸಬ್ಬಕ್ಕಿಗೇನು ಬರ, ಊರಿನ ಸುತ್ತ ಅದರದೇ ಮಿಲ್ಲುಗಳು, ಬೀಸಿದ ಗಾಳಿಗೆಲ್ಲ ಅದರದೇ ಹುಳಿ ವಾಸನೆ. ಆದರೆ ಅದು ಹೊಟ್ಟೆ ಕಟ್ಟುತ್ತದೆ ಎಂದು ನಾನು ವರ್ಷದಿಂದ ಅದನ್ನು ಮನೆಯೊಳಗೇ ಬಿಟ್ಟಿರಲಿಲ್ಲ.

"ಅಪ್ಪೋ ಪೆರುಮಾಳ್ ಪಣ್ಣಲಿಯಾ?" ಎಂದು ಅತ್ತೆ ಕೇಳಿದರು. ಹಾಗಾದರೆ ಪೆರುಮಾಳ್ ಮಾಡಿದ್ದಲ್ಲವಾ ಎಂದು. ಡಾಕ್ಟರು ಗಂಭೀರವಾಗಿ, ಹಾಲು ನಿಲ್ಲಿಸಿ ತೋರಿಸಿದ್ದು ಪೆರುಮಾಳೇ ಅಲ್ಲವಾ ಪಾಟಿ ಎಂದರು. ಆಟೋದಲ್ಲಿ ಬರುವಾಗ ಅತ್ತೆ ನನ್ನ ಕಿವಿಯಲ್ಲಿ, "ಆಲು ಬುಡು ಅನ್ನಕ್ಕೆ ಇಷ್ಟು ಶನಿವಾರ ಬೇಕಾಯ್ತಾ ಅವನ್ಗೆ? ಒಂದ್ಸಲ ಕನಸ್ನಲ್ಲಿ ಬಂದು ಯೋಳಿದ್ರೆ ಆಗ್ತಿತ್ತು" ಎಂದರು.

ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ಮೊದಲು ಹೊಟ್ಟೆ ಖಾಲಿಯಾಗಬೇಕು, ಅಷ್ಟು ಕಟ್ಟಿಕೊಂಡ ಹೊಟ್ಟೆಗೆ ಎನಿಮಾ ಕೊಡಲೇಬೇಕು. ಮನೆಯಲ್ಲೇ ಕೊಡುವುದು ಹೇಗೆಂದು ನರ್ಸಮ್ಮ ನನಗೆ ತೋರಿಸಿಕೊಟ್ಟರು. ಅತ್ತೆ ಅದನ್ನೆಲ್ಲ ನೋಡಿಯೂ ನೋಡದವರ ಹಾಗೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಮನೆಗೆ ಬಂದಮೇಲೆ ಶುರುವಾಯಿತು.

"ಆಸ್ಪತ್ರೆ ಆಯಾನ ಯಾರಾದ್ರೂ ಕರ್ಕೊಂಬಾ. ನೀನು ಬ್ಯಾಡ."

"ಗೊತ್ತಿಲ್ದೋರ ಕೈಲಿ ಮಾಡಿಸ್ಕೋತೀರ, ನನ್ನ ಕೈಲಿ ಬೇಡ್ವಾ?"

"ಗೊತ್ತಿಲ್ದೋರು ಓಯ್ತಾರೆ. ನೀನು ದಿನಾ ನನ್ನ ಮಕ ನೋಡ್ಬೇಕಲ್ಲ."

ನಾನು ಎನಿಮಾದ ಬಾಟಲಿ ಕೆಳಗಿಟ್ಟು ಅವರ ಮುಂದೆ ನೆಲದ ಮೇಲೆ ಕೂತೆ.

"ನಾನು ಬಾಣಂತಿಯಾಗಿದ್ದಾಗ ನನ್ನ ತೊಳೆದಿರಲ್ಲ. ಆಮೇಲೆ ದಿನಾ ನನ್ನ ಮುಖ ನೋಡ್ಲಿಲ್ವಾ?"

"ಅದು ಬೇರೆ. ನಿಂಗೆ ತಾಯಿ ಇರ್ಲಿಲ್ಲ."

"ನಿಮಗೂ ಈಗ ತಾಯಿ ಇಲ್ವಲ್ಲ ಅತ್ತೆ."

ಅತ್ತೆ ಗೋಡೆಯ ಕಡೆ ತಿರುಗಿ ಮಲಗಿಕೊಂಡು, "ಸರಿ. ಆದ್ರೆ ಸುಮ್ನೆ ಇರ್ಬ್ಯಾಡ. ಏನಾರ ಮಾತಾಡ್ತಾ ಇರು. ಸುಮ್ನಿದ್ರೆ ನಂಗೆ ನಾಚ್ಕೆ ಆಯ್ತದೆ" ಎಂದರು.

ಏನು ಮಾತಾಡುವುದು? ಬಾಯಿಗೆ ಬಂದದ್ದು ಕೊಳ್ಳೇಗಾಲದ ನಮ್ಮ ಅಜ್ಜಿಯ ಹರಳೆಣ್ಣೆಯ ಕಥೆ. ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳೆಲ್ಲ ಸೇರಿದಾಗ ಒಂದು ಬೆಳಗ್ಗೆ ಅಜ್ಜಿ ಎಲ್ಲರನ್ನೂ ಜಗಲಿಯ ಮೇಲೆ ಸಾಲಾಗಿ ಕೂರಿಸಿ ಹರಳೆಣ್ಣೆ ಕುಡಿಸುತ್ತಿದ್ದಳು. ವಾಸನೆ ಗೊತ್ತಾಗಬಾರದೆಂದು ಬಿಸಿ ಕಾಫಿಯಲ್ಲಿ ಬೆರೆಸಿ ಕೊಡುತ್ತಿದ್ದಳು. ವಾಸನೆ ಹೋಗಲಿಲ್ಲ, ಕಾಫಿಯ ರುಚಿ ಹೋಯಿತು. ನಾನು ಮದುವೆಯಾಗುವ ತನಕ ಕಾಫಿ ಮುಟ್ಟದಿದ್ದುದಕ್ಕೆ ಅದೇ ಕಾರಣ. ಮಕ್ಕಳು ಒಂದು ಹಿಂಡು, ಕಕ್ಕಸು ಒಂದೇ. ನನ್ನ ಚಿಕ್ಕಪ್ಪನ ಮಗ ನಾಗರಾಜ ಬುದ್ಧಿವಂತ. ಹೊಟ್ಟೆ ಗುಡುಗುವ ಮೊದಲೇ ಒಳಗೆ ಹೋಗಿ ಚಿಲಕ ಹಾಕಿಕೊಂಡ. ಹೊರಗೆ ಉಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ಕುಣಿಯುತ್ತಿದ್ದೇವೆ. ಅಜ್ಜಿ ಬಾಗಿಲ ಹತ್ತಿರ ನಿಂತು, ಬೆಲ್ಲ ಕೊಡ್ತೀನಿ ಬಾರೋ, ಕೊಬ್ಬರಿ ಕೊಡ್ತೀನಿ ಬಾರೋ ಎಂದು ರಾಜಿ ಮಾತಾಡುತ್ತಿದ್ದಾಳೆ. ಅವನು ಒಳಗಿನಿಂದ, ಮೊದಲು ಬಾಗಿಲ ಸಂದಿಯಲ್ಲಿ ಬೆಲ್ಲ ತೂರಿಸು ಅಂತಾನೆ.

"ತೂರ್ಸುದ್ಲಾ?" ಎಂದು ಅತ್ತೆ ಗೋಡೆಯ ಕಡೆಯಿಂದಲೇ ಕೇಳಿದರು.

"ತೂರಿಸಿದಳು. ಅವನು ಬೆಲ್ಲ ತಿಂದು ಮುಗಿಸಿ ಕೊಬ್ಬರಿ ಎಲ್ಲಿ ಅಂದ."

ಅತ್ತೆ ನಕ್ಕರು. ಎಷ್ಟು ನಕ್ಕರೆಂದರೆ ಹೊಟ್ಟೆ ಕುಲುಕತೊಡಗಿತು, ಹೊಟ್ಟೆ ಕುಲುಕಿದ್ದು ನಮ್ಮ ಕೆಲಸಕ್ಕೂ ಒಳ್ಳೆಯದಾಯಿತು. "ಎತ್ತು, ಎತ್ತು, ಕುರ್ಚಿ" ಎಂದರು. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲ ಮುಗಿದಮೇಲೆ ಬಿಸಿನೀರಿನಲ್ಲಿ ಅವರನ್ನು ತೊಳೆದೆ, ಒಗೆದ ಸೀರೆ ಉಡಿಸಿದೆ. ಅವರು ನನ್ನ ಹೆಗಲು ಹಿಡಿದು ನಿಂತಿದ್ದರು, ಕೈ ಅಡ್ಡ ಇಡಲಿಲ್ಲ. ಹೊರಗೆ ಬಾಗಿಲಲ್ಲಿ ಶಿಫ್ಟಿನಿಂದ ಬಂದ ನಮ್ಮನೆಯವರ ದನಿ ಕೇಳಿಸಿತು. "ಆಯ್ತಾ?" ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಎದುರುಮನೆಗೂ ಕೇಳುವ ಹಾಗೆ, "ಆಯ್ತು ಕಣ್ಲಾ ಮಗ" ಎಂದು ಕೂಗಿದರು. ನನ್ನ ಗಂಡ ಅಂಗಳದಲ್ಲಿ ನಿಂತು ಅತ್ತದ್ದನ್ನು ಮಗಳು ನೋಡಿದಳಂತೆ.

ಕಾಯಿಲೆ ವಾಸಿಯಾಗಲಿಲ್ಲ. ಅದು ವಾಸಿಯಾಗುವ ಕಾಯಿಲೆ ಅಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ನೀರಿನಲ್ಲಿ ನುಂಗಿದ ಮಾತ್ರೆ ಕೆಲಸ ಮಾಡಿತು. ಮಾತ್ರೆ ಕೆಲಸ ಮಾಡಿದರೆ ಕಾಲು ಬರುತ್ತದೆ, ಕಾಲು ಬಂದರೆ ಎದ್ದು ಹೋಗಬಹುದು, ಎದ್ದು ಹೋಗಬಹುದು ಎಂದಾದರೆ ನೀರು ಕುಡಿಯಲು ಹೆದರಿಕೆಯಿಲ್ಲ. ಹುಟ್ಟಿದಾಗಿನಿಂದ ಹಗಲಲ್ಲಿ ನೀರಿಗೆ ಬಾಯಿಟ್ಟವರಲ್ಲದ ಅತ್ತೆ ಮಧ್ಯಾಹ್ನ ಚೊಂಬು ಎತ್ತಿ ಗಟಗಟ ಕುಡಿಯುವುದನ್ನು ನೋಡಿ ಪೆನ್ನಾಗರದಿಂದ ಬಂದ ಅವರ ತಮ್ಮ ಬೆರಗಾಗಿಹೋದರು. ಕೆಲವು ವಾರ ಅವರನ್ನು ನಾನೇ ತೊಳೆದೆ. ಆಮೇಲೆ ಕೈ ಹಿಡಿತಕ್ಕೆ ಬಂದ ದಿನಗಳಲ್ಲಿ ತಾವೇ ತೊಳೆದುಕೊಂಡರು. ಆಗದ ದಿನ "ಬಾರೇ" ಎಂದು ಒಳಗಿನಿಂದ ಕರೆಯುತ್ತಿದ್ದರು, ಸೌಟು ತಾ ಎಂದು ಅಡುಗೆಮನೆಯಿಂದ ಕರೆಯುವಷ್ಟೇ ಸಲೀಸಾಗಿ. ಆ ಒಂದು ಕರೆಗೆ ನಾನು ಅವರಿಗೆ ಎಷ್ಟು ಋಣಿ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಹಾಲಿಗೆ ಬೇಡ ಎಂದ ಪೆರುಮಾಳಿಗೆ, ಪೆನ್ನು ಕೆಳಗಿಟ್ಟು ಕೇಳಿದ ಡಾಕ್ಟರಿಗೆ, ಬೆಲ್ಲಕ್ಕೆ ಹಟ ಹಿಡಿದ ನಾಗರಾಜನಿಗೆ, ಎಲ್ಲರಿಗೂ ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಆದರೂ ಊಟ ಮಾತ್ರ ಬಹಳ ದಿನ ನಿಂಬೆಹಣ್ಣಿನಷ್ಟೇ ಇತ್ತು. ಅಭ್ಯಾಸವಾಗಿಬಿಟ್ಟಿತ್ತೋ, ಮನಸ್ಸಿನ ಮೂಲೆಯಲ್ಲಿ ಇನ್ನೂ ಸಂಕೋಚ ಉಳಿದಿತ್ತೋ. ನಾನು ಬಲವಂತ ಮಾಡಲಿಲ್ಲ. ಬಡಿಸಿ ಸುಮ್ಮನಿರುತ್ತಿದ್ದೆ.

ಸಂಕ್ರಾಂತಿ ಕಳೆದ ತೈ ತಿಂಗಳ ಒಂದು ಬುಧವಾರ. ಶನಿವಾರವಲ್ಲ, ಹಬ್ಬವಲ್ಲ, ಯಾವ ವಿಶೇಷವೂ ಇಲ್ಲದ ಬುಧವಾರ. ಅವರೆಕಾಯಿ ಕಾಲ, ಬೇಳೆಯನ್ನು ರಾತ್ರಿಗೆಂದು ಎತ್ತಿಟ್ಟು ಮಧ್ಯಾಹ್ನಕ್ಕೆ ಸೊಪ್ಪಿನ ಸಾರು ಮಾಡಿದ್ದೆ. ಅತ್ತೆ ತಾವೇ ಹಿತ್ತಲಿಗೆ ಹೋಗಿ ಬಂದು, ಕೈಕಾಲು ತೊಳೆದು, ತಟ್ಟೆಯ ಮುಂದೆ ಕೂತರು. ಎಂದಿನ ಹಾಗೆ ಸಣ್ಣ ಮುದ್ದೆ ಹಾಕಿದೆ. ಕೈ ನಡುಗುತ್ತಿದ್ದರೂ ಒಂದೊಂದೇ ತುತ್ತು ಸಾರಿನಲ್ಲಿ ಅದ್ದಿ ನುಂಗಿದರು. ತಟ್ಟೆ ಖಾಲಿಯಾಯಿತು. ನಾನು ಮುದ್ದೆಯ ಪಾತ್ರೆ ಮುಚ್ಚಿ ಎತ್ತಿಕೊಂಡು ಅಡುಗೆಮನೆಯ ಕಡೆ ತಿರುಗಿದೆ.

"ಎಲ್ಲೀಗ್ ಎತ್ಕಂಡ್ ಓಗ್ತೀಯ?" ಎಂದರು ಅತ್ತೆ. "ಇನ್ನೊಂದರ್ದ ಆಕು."

ನಾನು ಅರ್ಧ ಮಾಡಲಿಲ್ಲ. ಇಡೀ ಮುದ್ದೆಯನ್ನೇ ಹಾಕಿದೆ. ಅವರು ಬೇಡ ಎನ್ನಲಿಲ್ಲ, ಸಾರಿಗೆ ತಟ್ಟೆ ಮುಂದಕ್ಕೆ ತಳ್ಳಿದರು.